ಗೆರೆ ಎಳೆಯುವುದು ಮೆಷಿನ್, ಅನುಮಾನಪಡುವುದು ಯಾರು?

ಕಿವಿ ಪರೀಕ್ಷೆಗೆ ಈಗ ಆಸ್ಪತ್ರೆಗೇ ಹೋಗಬೇಕು ಅಂತೇನಿಲ್ಲ. ಇಯರ್‌ಫೋನ್ ಸಿಕ್ಕಿಸಿಕೊಂಡು ಫೋನ್ ಮುಂದೆ ಕೂತರೆ ಕೆಲವೇ ನಿಮಿಷದಲ್ಲಿ ಒಂದು ಗ್ರಾಫ್ ಬರುತ್ತದೆ. ಅಮೆರಿಕದಲ್ಲಿ 2022ರ ಅಕ್ಟೋಬರ್‌ನಿಂದ, ಸ್ವಲ್ಪ ಕಿವಿ ಮಂದವಾದ ದೊಡ್ಡವರು ಯಾರ ಚೀಟಿಯೂ ಇಲ್ಲದೆ ಅಂಗಡಿಯಲ್ಲಿ ಕಿವಿ ಮೆಷಿನ್ ಕೊಳ್ಳಬಹುದು. ಆಪಲ್‌ನ ಏರ್‌ಪಾಡ್ಸ್ ಪ್ರೊವನ್ನೇ ಕಿವಿ ಮೆಷಿನ್ನಿನಂತೆ ಬಳಸುವ ಸಾಫ್ಟ್‌ವೇರ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ.

ಅಪ್ಪನೋ ಅಜ್ಜಿಯೋ ದಿನಾ ಟಿವಿ ಸೌಂಡ್ ಏರಿಸುತ್ತಿರುವ ಮನೆಗಳಲ್ಲಿ ಆಗ ಒಂದು ಪ್ರಶ್ನೆ ಹುಟ್ಟುತ್ತದೆ. ಫೋನೇ ಇಷ್ಟು ಮಾಡುವುದಾದರೆ, ಆಡಿಯಾಲಜಿ ಅಂತ ಆರು ವರ್ಷ ಓದುವವರು ಏನನ್ನು ಓದುತ್ತಾರೆ?

ಗೆರೆ ಎಳೆಯುವುದನ್ನು ಕಲಿಯಲು ಹೆಚ್ಚು ದಿನ ಬೇಕಿಲ್ಲ. ಆ ಗೆರೆಯನ್ನು ಯಾವಾಗ ನಂಬಬಾರದು ಎನ್ನುವುದಕ್ಕೇ ಅಷ್ಟೂ ವರ್ಷ ಬೇಕಾಗುವುದು.

ಆಡಿಯಾಲಜಿಸ್ಟ್ ಅಂದರೆ ಯಾರು?

ಕಿವಿ-ಮೂಗು-ಗಂಟಲಿನ ಡಾಕ್ಟರ್ ಬೇರೆ, ಆಡಿಯಾಲಜಿಸ್ಟ್ ಬೇರೆ. ಇಎನ್‌ಟಿ ಡಾಕ್ಟರ್ ಔಷಧಿ ಕೊಡುತ್ತಾರೆ, ಆಪರೇಷನ್ ಮಾಡುತ್ತಾರೆ. ಕೇಳುವ ಶಕ್ತಿ ಎಷ್ಟಿದೆ, ತೊಂದರೆ ಯಾವ ಜಾಗದಲ್ಲಿದೆ ಎಂದು ಅಳೆಯುವುದು, ಕಿವಿ ಮೆಷಿನ್ ಹೊಂದಿಸುವುದು, ತರಬೇತಿ ಕೊಡುವುದು ಆಡಿಯಾಲಜಿಸ್ಟ್ ಕೆಲಸ.

ನಮ್ಮಲ್ಲಿ ಪಿಯುಸಿ ಆದಮೇಲೆ ಬಿಎಎಸ್‌ಎಲ್‌ಪಿ ಎಂಬ ಪದವಿ. ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ. ಆಮೇಲೆ ಎರಡು ವರ್ಷದ ಎಂಎಸ್ಸಿ ಆಡಿಯಾಲಜಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ಊರಿನವರ ಬಾಯಲ್ಲಿ ‘ಆಯಿಷ್’, 1960ರ ದಶಕದಿಂದಲೂ ಈ ಓದಿನ ದೊಡ್ಡ ನೆಲೆ. ಬೆಂಗಳೂರು, ಮಂಗಳೂರು, ಮಣಿಪಾಲಗಳಲ್ಲೂ ಕಾಲೇಜುಗಳಿವೆ. ಅಮೆರಿಕದಲ್ಲಿ ಡಿಗ್ರಿ ಮುಗಿಸಿ ಸುಮಾರು ನಾಲ್ಕು ವರ್ಷ ‘ಎಯುಡಿ’ ಓದಬೇಕು.

ಗ್ರಾಫ್ ಓದುವುದು ಹೇಗೆ

ಆ ಗ್ರಾಫಿನ ಹೆಸರು ಆಡಿಯೋಗ್ರಾಂ. ಸದ್ದಿಲ್ಲದ ಚಿಕ್ಕ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ‘ಸೌಂಡ್ ಕೇಳಿದ ತಕ್ಷಣ ಕೈ ಎತ್ತಿ’ ಅನ್ನುತ್ತಾರೆ. ದಪ್ಪ ಸ್ವರದಿಂದ ಕೀಚಲು ಸ್ವರದವರೆಗೆ, ಅಂದರೆ 250 ಹರ್ಟ್ಸ್‌ನಿಂದ 8000 ಹರ್ಟ್ಸ್‌ವರೆಗೆ ಒಂದೊಂದೇ ‘ಪೀಂ’ ಸದ್ದು. ಪ್ರತಿ ಸ್ವರವನ್ನೂ ಎಷ್ಟು ಮೆಲ್ಲಗೆ ಮಾಡಿದರೂ ಕೇಳುತ್ತದೆ ಎಂದು ಹುಡುಕಿ ಗುರುತು ಹಾಕುತ್ತಾರೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು ಗುರುತು. ಗುರುತು ಕೆಳಗಿಳಿದಷ್ಟೂ ಕಿವಿ ಮಂದ.

ಆಮೇಲೆ ಹೆಡ್‌ಫೋನ್ ತೆಗೆದು ಕಿವಿಯ ಹಿಂದಿನ ಮೂಳೆಗೆ ಒಂದು ಸಣ್ಣ ಡಬ್ಬಿಯಂಥದ್ದನ್ನು ಒತ್ತಿಡುತ್ತಾರೆ. ಅದು ಮೂಳೆಯನ್ನೇ ನಡುಗಿಸಿ ಸದ್ದನ್ನು ನೇರ ಒಳಗಿವಿಗೆ ಮುಟ್ಟಿಸುತ್ತದೆ. ಮನೆಗೆ ನೀರು ಬರುತ್ತಿಲ್ಲ ಅಂದಾಗ ಪ್ಲಂಬರ್ ಏನು ಮಾಡುತ್ತಾನೆ? ಟ್ಯಾಂಕಿನ ಹತ್ತಿರ ಪೈಪ್ ಬಿಚ್ಚಿ ನೋಡುತ್ತಾನೆ. ಅಲ್ಲಿ ನೀರಿದ್ದರೆ ದೋಷ ದಾರಿಯಲ್ಲಿದೆ. ಇಲ್ಲೂ ಹಾಗೇ. ಮೂಳೆಯ ಮೂಲಕ ಚೆನ್ನಾಗಿ ಕೇಳಿ, ಹೆಡ್‌ಫೋನಿನಲ್ಲಿ ಕೇಳದಿದ್ದರೆ ಅಡ್ಡಿ ಹೊರಗಿವಿಯಲ್ಲೋ ನಡುಗಿವಿಯಲ್ಲೋ ಇದೆ. ಗುಗ್ಗೆ ಕಟ್ಟಿರಬಹುದು, ಕಿವಿಯ ತಮಟೆ ತೂತಾಗಿರಬಹುದು, ತಮಟೆಯ ಹಿಂದೆ ನೀರು ತುಂಬಿರಬಹುದು. ಎರಡೂ ಒಂದೇ ಸಮ ಕಡಿಮೆಯಿದ್ದರೆ ತೊಂದರೆ ಒಳಗಿವಿಯಲ್ಲಿ ಅಥವಾ ನರದಲ್ಲಿ.

ನಿಯಮ ಇಷ್ಟೇ. ಒಂದು ಮಧ್ಯಾಹ್ನದಲ್ಲಿ ಯಾರಿಗಾದರೂ ಹೇಳಿಕೊಡಬಹುದು. ಗೋಳು ಶುರುವಾಗುವುದು ಇದು ಸುಳ್ಳು ಹೇಳಿದಾಗ.

ಅಜ್ಜನ ಕಿವಿ ಮುಚ್ಚಿದ್ದು ಯಾರು?

ಒಂದು ಉದಾಹರಣೆ. ಎಂಬತ್ತರ ಅಜ್ಜ. ಗ್ರಾಫಿನಲ್ಲಿ ಕೀಚಲು ಸ್ವರಗಳ ಕಡೆ ಹೆಡ್‌ಫೋನಿಗೂ ಮೂಳೆಗೂ ಒಳ್ಳೇ ಅಂತರ. ನಿಯಮದ ಪ್ರಕಾರ ನಡುಗಿವಿಯ ತೊಂದರೆ. ಆದರೆ ನಡುಗಿವಿಯನ್ನು ಬೇರೆ ಪರೀಕ್ಷೆ ಮಾಡಿದರೆ ಅಲ್ಲಿ ಏನೂ ಇಲ್ಲ. ಹಾಗಾದರೆ ಅಂತರ ಎಲ್ಲಿಂದ ಬಂತು?

ವಯಸ್ಸಾದಂತೆ ಕಿವಿಯ ಕೊಳವೆಯ ಹೊರಭಾಗ ಮೆತ್ತಗಾಗುತ್ತದೆ. ಬಿಗಿ ಹೆಡ್‌ಫೋನ್ ಒತ್ತಿದಾಗ ಕೊಳವೆ ಒಳಗೊಳಗೇ ಮಡಚಿ ಮುಚ್ಚಿಕೊಳ್ಳಬಹುದು. ಅಜ್ಜನ ಕಿವಿಗೆ ಬಿರಡೆ ಹಾಕಿದ್ದು ಪರೀಕ್ಷೆಯೇ. ತೂರಿಸುವ ಥರದ ಇಯರ್‌ಫೋನ್ ಹಾಕಿ ಮತ್ತೆ ನೋಡಿದರೆ ಅಂತರ ಮಾಯ.

ಮೆಷಿನ್ ಕೆಟ್ಟಿರಲಿಲ್ಲ, ಅಜ್ಜ ಸುಳ್ಳು ಹೇಳಲಿಲ್ಲ, ಪರೀಕ್ಷೆ ಮಾಡಿದ ವಿದ್ಯಾರ್ಥಿ ನಿಯಮ ಮರೆತಿರಲಿಲ್ಲ. ಎಲ್ಲ ಸರಿಯಿದ್ದೂ ಉತ್ತರ ತಪ್ಪು. ಇಂಥ ತಪ್ಪನ್ನು ಹಿಡಿಯುವ ಬುದ್ಧಿಗೆ ಕ್ರಿಟಿಕಲ್ ಥಿಂಕಿಂಗ್ ಅನ್ನುತ್ತಾರೆ. ಕನ್ನಡದ ಪಠ್ಯಗಳಲ್ಲಿ ‘ವಿಮರ್ಶಾತ್ಮಕ ಚಿಂತನೆ’ ಎಂದಿರುತ್ತದೆ.

ಹೆಸರು ಕೇಳಿ ಟೀಕೆ ಮಾಡುವುದು, ಎಲ್ಲದಕ್ಕೂ ಕೊಂಕು ತೆಗೆಯುವುದು ಅಂದುಕೊಳ್ಳಬೇಡಿ. ಅನ್ನ ಬೆಂದಿದೆಯಾ ಎಂದು ನಾವು ಒಂದು ಅಗುಳು ಹಿಸುಕಿ ನೋಡುತ್ತೇವೆ. ಇಡೀ ಪಾತ್ರೆಗೆ ಒಂದೇ ಸಮ ಶಾಖ ತಾಗಿದೆ ಎಂಬ ನಂಬಿಕೆ ಅದರ ಹಿಂದಿದೆ. ಮದುವೆ ಮನೆಯ ಕೊಪ್ಪರಿಗೆಯಲ್ಲಿ ಆ ನಂಬಿಕೆ ನಡೆಯುವುದಿಲ್ಲ. ಅಡುಗೆ ಭಟ್ಟರು ತಳದಿಂದಲೂ ಒಂದು, ಅಂಚಿನಿಂದಲೂ ಒಂದು ಅಗುಳು ತೆಗೆಯುತ್ತಾರೆ. ನನ್ನ ತೀರ್ಮಾನ ಯಾವ ನಂಬಿಕೆಯ ಮೇಲೆ ನಿಂತಿದೆ, ಈ ಪಾತ್ರೆಗೆ ಅದು ಸಲ್ಲುತ್ತದಾ ಎಂದು ಕೇಳಿಕೊಳ್ಳುವುದೇ ಆ ಚಿಂತನೆ.

1990ರಲ್ಲಿ ಅಮೆರಿಕ ಮತ್ತು ಕೆನಡಾದ 46 ತಜ್ಞರು ಸೇರಿ ಇದನ್ನು ಬಿಡಿಸಿ ಹೇಳಿದರು. ಅರ್ಥ ಮಾಡಿಕೊಳ್ಳುವುದು, ಬಿಡಿಬಿಡಿಯಾಗಿ ನೋಡುವುದು, ತೂಗುವುದು, ತೀರ್ಮಾನಕ್ಕೆ ಬರುವುದು, ಆ ತೀರ್ಮಾನವನ್ನು ವಿವರಿಸುವುದು. ಕೊನೆಯದಾಗಿ ತನ್ನನ್ನು ತಾನು ತಿದ್ದಿಕೊಳ್ಳುವುದು. ಹೆಚ್ಚಿನವರು ಎಡವುವುದು ಈ ಕೊನೆಯದರಲ್ಲಿ ಎಂದು ನನಗನ್ನಿಸುತ್ತದೆ.

ಒಂದು ಚಪ್ಪಟೆ ಗೆರೆ, ಮೂರು ಕಥೆ

ನಡುಗಿವಿಯ ಪರೀಕ್ಷೆಗೆ ಟಿಂಪನೋಮೆಟ್ರಿ ಎಂದು ಹೆಸರು. ಕಿವಿಗೆ ರಬ್ಬರಿನ ಮೊಗ್ಗು ಇಟ್ಟು ಗಾಳಿಯ ಒತ್ತಡ ಹೆಚ್ಚು ಕಡಿಮೆ ಮಾಡುತ್ತಾರೆ. ತಮಟೆ ಸರಾಗವಾಗಿ ಅಲುಗಿದರೆ ಗ್ರಾಫಿನಲ್ಲಿ ಗುಡ್ಡದಂಥ ಗೆರೆ. ಅಲುಗದಿದ್ದರೆ ಚಪ್ಪಟೆ ಗೆರೆ.

ಚಪ್ಪಟೆ ಗೆರೆ ಬಂದರೆ ‘ತಮಟೆ ಹಿಂದೆ ನೀರಿದೆ’ ಎಂದು ವಿದ್ಯಾರ್ಥಿಗಳು ಬಾಯಿಪಾಠ ಮಾಡಿರುತ್ತಾರೆ. ನೆಗಡಿಯಾದ ಮಕ್ಕಳಲ್ಲಿ ಬಹಳ ಸಲ ಅದು ನಿಜವೂ ಹೌದು. ಆದರೆ ಪಕ್ಕದಲ್ಲೇ ಇನ್ನೊಂದು ಸಣ್ಣ ಅಂಕಿ ಇರುತ್ತದೆ. ಮೊಗ್ಗಿನ ಮುಂದೆ ಎಷ್ಟು ಜಾಗ ಇದೆ ಎನ್ನುವ ಅಳತೆ. ಅದು ಮಾಮೂಲಿನಷ್ಟಿದ್ದರೆ ನೀರು ತುಂಬಿರುವ ಸಾಧ್ಯತೆ. ತೀರಾ ದೊಡ್ಡದಿದ್ದರೆ ತಮಟೆಯಲ್ಲಿ ತೂತು, ಯಾಕೆಂದರೆ ಮೆಷಿನ್ ಆಚೆಯ ಕೋಣೆಯನ್ನೂ ಸೇರಿಸಿ ಅಳೆಯುತ್ತಿದೆ. ತೀರಾ ಚಿಕ್ಕದಿದ್ದರೆ ಗುಗ್ಗೆ ಅಡ್ಡ ಬಂದಿದೆ, ಅಥವಾ ಮೊಗ್ಗೇ ಕಿವಿಯ ಗೋಡೆಗೆ ಒತ್ತಿ ನಿಂತಿದೆ.

ಗೆರೆ ಒಂದೇ. ಒಬ್ಬರಿಗೆ ಔಷಧಿ, ಒಬ್ಬರಿಗೆ ಆಪರೇಷನ್, ಇನ್ನೊಬ್ಬರಿಗೆ ಸುಮ್ನೆ ಮೊಗ್ಗು ತಿರುಗಿಸಿ ಇಟ್ಟರೆ ಮುಗಿಯಿತು.

ತಾಳೆ ನೋಡುವ ತತ್ವ

ಈ ಓದಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಒಂದು ತತ್ವ 1976ರಲ್ಲಿ ಬಂತು. ಜೇಮ್ಸ್ ಜರ್ಜರ್ ಮತ್ತು ಡೆಬೊರಾ ಹೇಯ್ಸ್ ಎಂಬಿಬ್ಬರು ಮಕ್ಕಳ ಕಿವಿ ಪರೀಕ್ಷೆಯ ಬಗ್ಗೆ ಬರೆಯುತ್ತಾ, ಯಾವ ಒಂದು ಪರೀಕ್ಷೆಯ ಫಲಿತಾಂಶವನ್ನೂ ಇನ್ನೊಂದು ಸ್ವತಂತ್ರ ಪರೀಕ್ಷೆ ಒಪ್ಪುವವರೆಗೆ ಒಪ್ಪಬೇಡಿ ಎಂದರು. ‘ಸ್ವತಂತ್ರ’ ಎಂಬ ಮಾತನ್ನು ಗಮನಿಸಿ. ಅಂಗಡಿಯವರು ಅದೇ ಬಿಲ್ ಬುಕ್ಕನ್ನು ಎರಡು ಸಲ ಕೂಡಿಸಿದರೆ ತಾಳೆ ನೋಡಿದಂತಾಗುವುದಿಲ್ಲ. ಬಿಲ್ ಬುಕ್ಕಿನ ಮೊತ್ತಕ್ಕೆ ಗಲ್ಲಾದಲ್ಲಿರುವ ದುಡ್ಡು ಹೊಂದಬೇಕು.

ಎಳೆಯ ಮಗು ಕೈ ಎತ್ತುವುದಿಲ್ಲ. ಸದ್ದು ಬಂದಾಗ ತಿರುಗಿತಾ, ಕಣ್ಣು ಮಿಟುಕಿಸಿತಾ ಎಂದು ನೋಡಬೇಕು. ಹಸಿದ ಮಗು ತಿರುಗುವುದಿಲ್ಲ. ಚೂಟಿ ಮಗು ಸದ್ದಿಲ್ಲದಿದ್ದರೂ ತಿರುಗುತ್ತದೆ. ನೋಡುವವರ ಆಸೆಯೂ ಸೇರಿಕೊಳ್ಳುತ್ತದೆ. ‘ತಿರುಗಿತು ನೋಡಿ’ ಎಂದು ಅಜ್ಜಿ ಅಂದರೆ ವಿದ್ಯಾರ್ಥಿಗೂ ತಿರುಗಿದಂತೆಯೇ ಕಾಣುತ್ತದೆ. ಹಾಗಾಗಿ ಮಗುವಿನ ಪ್ರತಿಕ್ರಿಯೆಯನ್ನೇ ನೆಚ್ಚಿಕೊಳ್ಳದ ಇನ್ನೊಂದು ಪರೀಕ್ಷೆ ಬೇಕು.

ಅಂಥವು ಎರಡಿವೆ. ಆರೋಗ್ಯವಾದ ಒಳಗಿವಿ ಸದ್ದು ಕೇಳಿದಾಗ ತಾನೂ ಒಂದು ತೀರಾ ಸಣ್ಣ ಸದ್ದನ್ನು ವಾಪಸ್ ಬಿಡುತ್ತದೆ. ಡೇವಿಡ್ ಕೆಂಪ್ ಇದನ್ನು 1978ರಲ್ಲಿ ಲಂಡನ್ನಿನಲ್ಲಿ ತೋರಿಸಿಕೊಟ್ಟರು. ಆ ಸದ್ದನ್ನು ಹಿಡಿಯುವ ಪರೀಕ್ಷೆಯೇ ಓಎಇ. ಎರಡನೆಯದು ಎಬಿಆರ್ ಅಥವಾ ಬೆರಾ. ಮಗು ಮಲಗಿದ್ದಾಗ ತಲೆಗೆ ತಂತಿ ಅಂಟಿಸಿ, ಸದ್ದು ನರದ ಮೂಲಕ ಮಿದುಳ ಕಾಂಡದವರೆಗೆ ಹೋಗುವಾಗ ಏಳುವ ವಿದ್ಯುತ್ ಅಲೆಗಳನ್ನು ನೋಡುವುದು.

ಎರಡೂ ಹೊಂದಿದರೆ ಸರಿ. ಹೊಂದದಿದ್ದರೆ? ಕೆಲವು ಮಕ್ಕಳಲ್ಲಿ ಓಎಇ ಚೆನ್ನಾಗಿ ಬಂದು, ಬೆರಾದಲ್ಲಿ ಅಲೆಯೇ ಇರುವುದಿಲ್ಲ. ಯಾವುದೋ ಒಂದು ಪರೀಕ್ಷೆ ಕೈಕೊಟ್ಟಿದೆ ಎಂದು ಬದಿಗಿಡುವುದು ಸುಲಭ. ಎರಡೂ ನಿಜ ಆಗಿದ್ದರೆ ಏನರ್ಥ ಎಂದು ಯೋಚಿಸುವುದು ಕಷ್ಟ. ಒಳಗಿವಿ ಕೆಲಸ ಮಾಡುತ್ತಿದೆ, ಆದರೆ ಸುದ್ದಿ ನರದಲ್ಲಿ ಅಸ್ತವ್ಯಸ್ತವಾಗುತ್ತಿದೆ. ಮೈಕ್ ಸರಿಯಿದೆ, ವೈರ್ ಕೈಕೊಟ್ಟಿದೆ ಅಂದ ಹಾಗೆ. 1996ರಲ್ಲಿ ಆರ್ನಾಲ್ಡ್ ಸ್ಟಾರ್ ಮತ್ತು ಜೊತೆಯವರು ಇದಕ್ಕೆ ‘ಆಡಿಟರಿ ನ್ಯೂರೋಪತಿ’ ಎಂದು ಹೆಸರಿಟ್ಟರು. ಹುಟ್ಟಿದಾಗ ಕಾಮಾಲೆ ತೀವ್ರವಾಗಿದ್ದ ಮಕ್ಕಳು, ಐಸಿಯುವಿನಲ್ಲಿದ್ದ ಮಕ್ಕಳಲ್ಲಿ ಇದರ ಸಾಧ್ಯತೆ ಜಾಸ್ತಿ. ಅಂಥ ಮಗುವಿಗೆ ಓಎಇ ಒಂದೇ ಮಾಡಿ ‘ಪಾಸ್’ ಎಂದು ಕಳಿಸಿದರೆ ತೊಂದರೆ ಕೈತಪ್ಪಿಹೋಗುತ್ತದೆ. ಅವರಿಗೆ ಬೆರಾ ಬೇಕು ಅನ್ನುವುದು ಇದಕ್ಕೇ.

ದೊಡ್ಡವರಲ್ಲೂ ತಾಳೆ ನೋಡುತ್ತಾರೆ. ‘ಪೀಂ’ ಸದ್ದಿನಲ್ಲಿ 70 ಡೆಸಿಬಲ್ (ಸದ್ದಿನ ಜೋರಿನ ಅಳತೆ) ಬೇಕು ಎಂದವರು ಮಾತನ್ನು 30 ಡೆಸಿಬಲ್‌ನಲ್ಲೇ ಕೇಳಿ ಪದ ಹೇಳಿದರೆ ಲೆಕ್ಕ ಹೊಂದುವುದಿಲ್ಲ. ಸರ್ಟಿಫಿಕೇಟ್‌ಗಾಗಿ ಹೆಚ್ಚಿಸಿ ಹೇಳುವವರು ಇದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸವಲತ್ತುಗಳು ಈ ಅಂಕಿಗಳಿಗೇ ಅಂಟಿಕೊಂಡಿವೆ. ಆದರೆ ಸೂಚನೆ ಸರಿಯಾಗಿ ಅರ್ಥವಾಗದೆ, ‘ಚೆನ್ನಾಗಿ ಕೇಳಿದಾಗ ಮಾತ್ರ ಕೈ ಎತ್ತಬೇಕು’ ಅಂದುಕೊಂಡು ಕಾದು ಕೂತವರೂ ಇದ್ದಾರೆ. ಎಕ್ಸಾಮ್ ಒತ್ತಡದಲ್ಲಿರುವ ಶಾಲೆ ಮಕ್ಕಳೂ ಇದ್ದಾರೆ. ಮೊದಲು ಅನುಮಾನಪಡಬೇಕಾದದ್ದು ಅಂಕಿಯ ಮೇಲೆ, ಆಸಾಮಿಯ ಮೇಲಲ್ಲ. ಈ ವ್ಯತ್ಯಾಸ ಕಲಿಸುವುದು ಸುಲಭವಲ್ಲ.

ಪಕ್ಕದ ಮನೆಯವರು ಓಗೊಟ್ಟರೆ

ಕಿವಿ ಪರೀಕ್ಷೆ ಮಾಡಿಸಿದವರಿಗೆ ನೆನಪಿರಬಹುದು. ಒಂದು ಕಿವಿಗೆ ‘ಪೀಂ’ ಕೊಡುವಾಗ ಇನ್ನೊಂದು ಕಿವಿಗೆ ಮಳೆ ಸುರಿದಂತೆ ‘ಶೋ’ ಎಂಬ ಸದ್ದು ಬಿಡುತ್ತಾರೆ. ಎರಡು ಕಿವಿಗೂ ಇರುವುದು ಒಂದೇ ಬುರುಡೆ. ಎಡಗಿವಿಗೆ ಜೋರಾಗಿ ಸದ್ದು ಕೊಟ್ಟರೆ ಅದು ಮೂಳೆಯ ಮೂಲಕ ದಾಟಿ ಬಲಗಿವಿಗೆ ಕೇಳಿಸಬಹುದು. ಮಾಮೂಲಿ ಹೆಡ್‌ಫೋನಿನಲ್ಲಿ ಸುಮಾರು 40 ಡೆಸಿಬಲ್ ದಾಟಿದರೆ ಈ ಭಯ ಇದ್ದೇ ಇದೆ. ಮೂಳೆಗೆ ಒತ್ತಿಡುವ ಡಬ್ಬಿಯಲ್ಲಂತೂ ಸದ್ದು ಎರಡೂ ಕಡೆ ಒಟ್ಟಿಗೇ ತಲುಪಿದರೆ ಆಶ್ಚರ್ಯವಿಲ್ಲ. ಪಕ್ಕದ ಮನೆಯ ಬಾಗಿಲು ತಟ್ಟಿದಾಗ ನಮ್ಮನೆಯವರು ‘ಯಾರು?’ ಎಂದ ಹಾಗೆ. ಪಕ್ಕದ ಮನೆಯಲ್ಲಿ ಜನ ಇದ್ದಾರೆ ಎಂದು ಹೊರಗಿನವರು ನಂಬಿಬಿಡುತ್ತಾರೆ.

ಎಡಗಿವಿ ಪೂರ್ತಿ ಕೇಳದವರ ಗ್ರಾಫಿನಲ್ಲೂ ಎಡಗಿವಿಗೆ ಒಂದು ಚೆಂದದ ಗೆರೆ ಬರಬಹುದು. ಅದು ಬಲಗಿವಿಯ ನೆರಳು. ಆ ‘ಶೋ’ ಸದ್ದು ಒಳ್ಳೆಯ ಕಿವಿಯನ್ನು ಬೇರೆ ಕೆಲಸದಲ್ಲಿ ಹಿಡಿದಿಡುವ ಉಪಾಯ. ಎಷ್ಟು ಬಿಡಬೇಕು ಎಂಬುದಕ್ಕೆ ಸೂತ್ರಗಳಿವೆ. ಕಡಿಮೆಯಾದರೆ ನೆರಳು ಉಳಿಯುತ್ತದೆ, ಜಾಸ್ತಿಯಾದರೆ ಆ ಸದ್ದೇ ಈ ಕಡೆ ದಾಟಿ ಬರುತ್ತದೆ. ಸೂತ್ರ ಬಾಯಿಪಾಠ ಮಾಡಿದವರು ಪರೀಕ್ಷೆಯಲ್ಲಿ ಪಾಸಾಗುತ್ತಾರೆ. ‘ಈಗ ಕೈ ಎತ್ತಿದ್ದು ಯಾವ ಕಿವಿ?’ ಎಂದು ಪ್ರತಿ ಸಲವೂ ತನ್ನನ್ನೇ ಕೇಳಿಕೊಳ್ಳುವವರು ಮಾತ್ರ ಕ್ಲಿನಿಕ್ಕಿನಲ್ಲಿ ಪಾಸಾಗುತ್ತಾರೆ.

ಮಗ್ಗದವನ ಎಡಗಿವಿ

ಯೋಚನೆ ದಾರಿ ತಪ್ಪುವುದು ದಡ್ಡತನದಿಂದ ಅಲ್ಲ, ಆತುರದಿಂದ. ಒಂದು ಕಟ್ಟಿದ ಕಥೆ ನೋಡಿ.

ದೊಡ್ಡಬಳ್ಳಾಪುರದ ಪವರ್‌ಲೂಮ್ ಕೆಲಸಗಾರ, ನಲವತ್ತೈದು ವರ್ಷ. ಇಪ್ಪತ್ತು ವರ್ಷದಿಂದ ಮಗ್ಗದ ಸದ್ದಿನಲ್ಲೇ ಇದ್ದಾನೆ. ಎಡಗಿವಿಯಲ್ಲಿ ಗುಂಯ್ ಅನ್ನುತ್ತದೆ, ಫೋನ್ ಬಲಗಿವಿಗೆ ಬದಲಾಯಿಸಿಕೊಂಡಿದ್ದಾನೆ. ಗ್ರಾಫಿನಲ್ಲಿ ಎಡಗಿವಿಗೆ ಕೀಚಲು ಸ್ವರಗಳು ಕಡಿಮೆ.

“ಏನಮ್ಮ, ನಿನಗೇನು ಅನ್ನಿಸುತ್ತೆ?” ಎಂದು ಮೇಡಂ ಪರೀಕ್ಷೆ ಮಾಡಿದ ವಿದ್ಯಾರ್ಥಿನಿಯನ್ನು ಕೇಳುತ್ತಾರೆ.

“ಮಗ್ಗದ ಸೌಂಡಿಂದ ಆಗಿರೋದು ಮೇಡಂ.”

“ಯಾಕೆ ಹಾಗಂತೀಯ?”

“ಇಪ್ಪತ್ತು ವರ್ಷ ಪವರ್‌ಲೂಮ್. ಹೈ ಫ್ರೀಕ್ವೆನ್ಸಿ ಬಿದ್ದಿದೆ. ಕಿವೀಲಿ ಸೌಂಡು ಬರುತ್ತಂತೆ.”

“ಸರಿ. ಮಗ್ಗ ಎರಡೂ ಕಿವಿಗೆ ಕೇಳುತ್ತೆ ಅಲ್ವಾ? ಬಲಗಿವಿ ಯಾಕೆ ಚೆನ್ನಾಗಿದೆ?”

ಅಲ್ಲಿ ಹುಡುಗಿ ಸುಮ್ಮನಾಗುತ್ತಾಳೆ. ಕಲಿಕೆ ನಡೆಯುವುದು ಆ ಮೌನದಲ್ಲಿ. ಆಮೇಲೆ ಅವಳೇ ಮಾತಿನ ಪರೀಕ್ಷೆಯ ಹಾಳೆ ತೆಗೆದು ನೋಡುತ್ತಾಳೆ. ಗ್ರಾಫಿಗೆ ಹೋಲಿಸಿದರೆ ಎಡಗಿವಿಗೆ ಪದಗಳು ಅರ್ಥವಾಗುವುದು ಇನ್ನೂ ಕಡಿಮೆ. ಕಿವಿಯ ನರದ ಮೇಲೆ ಏನಾದರೂ ಬೆಳೆದಿದ್ದರೂ ಹೀಗಾಗಬಹುದು. ಅಂಥ ಗಡ್ಡೆಗಳು ಅಪರೂಪ, ಕ್ಯಾನ್ಸರ್ ಅಲ್ಲ. ಒಂದೇ ಕಿವಿ ಮಂದವಾದ ಹೆಚ್ಚಿನವರಲ್ಲಿ ಕೊನೆಗೆ ಏನೂ ಸಿಗುವುದಿಲ್ಲ. ಆದರೂ ಇಎನ್‌ಟಿ ಡಾಕ್ಟರಿಗೆ ಕಳಿಸಬೇಕು, ಎಂಆರ್‌ಐ ಬೇಕೋ ಬೇಡವೋ ಅವರು ಹೇಳುತ್ತಾರೆ. ‘ಮಗ್ಗದ ಸೌಂಡು’ ಎಂದು ಬರೆದು ಮುಗಿಸಿದ್ದರೆ ಆ ಬಾಗಿಲು ಮುಚ್ಚಿಹೋಗುತ್ತಿತ್ತು.

ಮೊದಲು ಕೇಳಿದ ಸಂಗತಿಗೇ ಲಂಗರು ಹಾಕಿ ನಿಲ್ಲುವುದು, ಅದಕ್ಕೆ ಒಪ್ಪುವುದನ್ನು ಮಾತ್ರ ನೋಡುವುದು, ಒಂದು ಉತ್ತರ ಸಿಕ್ಕಿತೆಂದು ಹುಡುಕಾಟ ನಿಲ್ಲಿಸುವುದು. ಅನುಭವಸ್ಥರೂ ಇದರಲ್ಲಿ ಬೀಳುತ್ತಾರೆ. ಅವರಿಗೆ ಉತ್ತರ ಬೇಗ ಹೊಳೆಯುವುದರಿಂದ ಒಮ್ಮೊಮ್ಮೆ ಅವರೇ ಬೇಗ ಬೀಳುತ್ತಾರೆ.

ಯೋಚಿಸುವುದನ್ನು ಕಲಿಸುವುದು ಹೇಗೆ?

ಮೇಲಿನ ಸಂಭಾಷಣೆ ಸುಮ್ನೆ ಹರಟೆಯಲ್ಲ, ಅದಕ್ಕೊಂದು ವಿಧಾನವಿದೆ. 1992ರಲ್ಲಿ ಅಮೆರಿಕದ ಫ್ಯಾಮಿಲಿ ಮೆಡಿಸಿನ್ ಅಧ್ಯಾಪಕರು ಇದನ್ನು ಐದು ಹೆಜ್ಜೆಯಾಗಿ ಬರೆದಿಟ್ಟರು. ಮೊದಲು ವಿದ್ಯಾರ್ಥಿ ಒಂದು ಉತ್ತರಕ್ಕೆ ಕಟ್ಟುಬೀಳಬೇಕು. ‘ಗೊತ್ತಿಲ್ಲ, ನೀವೇ ಹೇಳಿ’ ನಡೆಯುವುದಿಲ್ಲ. ಆಮೇಲೆ ‘ಯಾಕೆ?’ ಎಂದು ಕೆದಕುವುದು. ನಂತರ ಎಲ್ಲೆಡೆ ಬಳಸಬಹುದಾದ ಒಂದೇ ಒಂದು ಪಾಠ ಹೇಳುವುದು. ಸರಿಮಾಡಿದ್ದನ್ನು ಹೆಸರಿಸುವುದು, ತಪ್ಪಿದ್ದನ್ನು ತಿದ್ದುವುದು. ಹೊರಗೆ ಬೆಂಚಿನ ಮೇಲೆ ಜನ ಕಾಯುತ್ತಿರುವ ಓಪಿಡಿಯಲ್ಲಿ ಇದಕ್ಕೆ ಹೆಚ್ಚು ಹೊತ್ತು ಬೇಡ.

ಇದು ಯಾಕೆ ಕೆಲಸ ಮಾಡುತ್ತದೆ? ಯೋಚನೆ ಕಣ್ಣಿಗೆ ಕಾಣುವುದಿಲ್ಲ. ವಿದ್ಯಾರ್ಥಿ ಸರಿಯುತ್ತರ ಹೇಳಿದರೂ ತಪ್ಪು ದಾರಿಯಲ್ಲಿ ಬಂದಿರಬಹುದು. ಗಣಿತದ ಮೇಷ್ಟ್ರು ಉತ್ತರವೊಂದೇ ಬರೆದರೆ ಪೂರ್ತಿ ಮಾರ್ಕ್ಸ್ ಕೊಡುತ್ತಿರಲಿಲ್ಲ, ಲೆಕ್ಕ ಬಿಡಿಸಿದ ಹೆಜ್ಜೆ ಕೇಳುತ್ತಿದ್ದರು. ಇದೂ ಹಾಗೇ. ಕೆಲವು ಅಧ್ಯಾಪಕರು ತಿರುಗಿಸಿಯೂ ಮಾಡುತ್ತಾರೆ. ತಾವು ಪರೀಕ್ಷೆ ಮಾಡುತ್ತಾ ತಮ್ಮ ತಲೆಯಲ್ಲಿ ಓಡುತ್ತಿರುವುದನ್ನು ಜೋರಾಗಿ ಹೇಳುತ್ತಾರೆ: ‘ಇಲ್ಲಿ ನನಗೆ ಅನುಮಾನ ಬಂತು, ಅದಕ್ಕೇ ಇದನ್ನು ಮತ್ತೆ ನೋಡುತ್ತಿದ್ದೇನೆ.’ ದೊಡ್ಡವರಿಗೂ ಅನುಮಾನ ಬರುತ್ತದೆ ಎಂದು ಕಾಣುವುದೇ ಅರ್ಧ ಪಾಠ.

ತರಗತಿಯಲ್ಲಿ ಬೇರೆ ದಾರಿಗಳಿವೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು 1969ರಲ್ಲಿ ಪಾಠದ ಬದಲು ಸಮಸ್ಯೆಯಿಂದ ಶುರುಮಾಡುವ ಪದ್ಧತಿ ತಂದಿತು. ಮೊದಲು ರೋಗಿಯ ಕಥೆ, ಆಮೇಲೆ ಅದಕ್ಕೆ ಬೇಕಾದ ಓದು. ಆಡಿಯಾಲಜಿಯಲ್ಲಿ ಇದು ಚೆನ್ನಾಗಿ ಹೊಂದುತ್ತದೆ. ಫಲಿತಾಂಶಗಳನ್ನು ಒಟ್ಟಿಗೇ ಕೊಡದೆ ಒಂದೊಂದೇ ಹಾಳೆಯಾಗಿ ಬಿಚ್ಚುತ್ತಾರೆ. ಪ್ರತಿ ಹಾಳೆಗೆ ಮುಂಚೆ ‘ಈಗ ಯಾವ ಪರೀಕ್ಷೆ ಕೇಳುತ್ತೀರಿ, ಏನು ಬರಬಹುದು?’ ಎಂದು ಬರೆಸುತ್ತಾರೆ. ಊಹೆ ಬರೆದಿಟ್ಟರೆ ಆಮೇಲೆ ‘ನನಗೆ ಮೊದಲೇ ಗೊತ್ತಿತ್ತು’ ಅನ್ನಲಾಗುವುದಿಲ್ಲ ನೋಡಿ.

ಇಲ್ಲಿ ಅಧ್ಯಾಪಕರಿಗೂ ಒಂದು ಕಷ್ಟವಿದೆ: ಎಷ್ಟು ಕೈ ಹಿಡಿಯಬೇಕು, ಯಾವಾಗ ಬಿಡಬೇಕು? ವಾಕ್ ಶ್ರವಣ ಕ್ಷೇತ್ರದ ಜೀನ್ ಆ್ಯಂಡರ್ಸನ್ 1988ರಲ್ಲಿ ಇದನ್ನು ಮೂರು ಹಂತವಾಗಿ ವಿವರಿಸಿದರು. ಮೊದಲು ಅಧ್ಯಾಪಕರೇ ಹೆಚ್ಚು ಹೇಳುತ್ತಾರೆ. ನಡುವೆ ಇಬ್ಬರೂ ಸೇರಿ ಯೋಚಿಸುತ್ತಾರೆ. ಕೊನೆಗೆ ವಿದ್ಯಾರ್ಥಿ ತನ್ನ ಕೆಲಸವನ್ನು ತಾನೇ ಅಳೆಯುತ್ತಾರೆ. ಸೈಕಲ್ ಕಲಿಸುವಾಗ ಹಿಂದಿನ ಕ್ಯಾರಿಯರ್ ಹಿಡಿದು ಓಡಿದ ಹಾಗೆ. ಬೇಗ ಬಿಟ್ಟರೆ ಬೀಳುತ್ತಾರೆ, ಬಿಡದೇ ಇದ್ದರೆ ಕಲಿಯುವುದಿಲ್ಲ. ಆದರೆ ಇಲ್ಲಿ ಬಿದ್ದರೆ ಪೆಟ್ಟಾಗುವುದು ಸೈಕಲ್ ಮೇಲಿದ್ದವರಿಗಲ್ಲ, ರೋಗಿಗೆ. ಹಾಗಾಗಿ ಹಲವು ಕಡೆ ಮೊದಲು ನಟಿಸುವ ರೋಗಿಗಳ ಮೇಲೆ, ಕಂಪ್ಯೂಟರಿನ ಕೃತಕ ಕಿವಿಗಳ ಮೇಲೆ ಅಭ್ಯಾಸ ಮಾಡಿಸುತ್ತಾರೆ.

ಜಾಹೀರಾತು ಓದುವ ಪಾಠ

‘ಕಿವಿ ಮೆಷಿನ್ ಹಾಕದಿದ್ದರೆ ಮರೆವಿನ ಕಾಯಿಲೆ ಬರುತ್ತದೆ’ ಎಂಬ ಮಾತು ಈಚೆಗೆ ಎಲ್ಲೆಡೆ ಕೇಳುತ್ತಿದೆ. ಎಂಎಸ್ಸಿ ತರಗತಿಗಳಲ್ಲಿ ಜರ್ನಲ್ ಕ್ಲಬ್ ಎಂಬ ಅಭ್ಯಾಸವಿದೆ, ಒಂದು ಸಂಶೋಧನಾ ಲೇಖನ ತಂದು ಎಲ್ಲರೂ ಸೇರಿ ಬಿಡಿಸಿ ನೋಡುವುದು. ಈ ಮಾತಿಗೆ ಅಲ್ಲಿ ಏನಾಗುತ್ತದೆ ನೋಡೋಣ.

2023ರಲ್ಲಿ ‘ಅಚೀವ್’ ಎಂಬ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಅಮೆರಿಕದ 70ರಿಂದ 84 ವಯಸ್ಸಿನ 977 ಜನ. ಅರ್ಧದಷ್ಟು ಜನರಿಗೆ ಕಿವಿ ಮೆಷಿನ್, ಉಳಿದವರಿಗೆ ಆರೋಗ್ಯದ ತಿಳಿವಳಿಕೆ. ಮೂರು ವರ್ಷದ ನಂತರ ಇಡೀ ಗುಂಪನ್ನು ನೋಡಿದರೆ ನೆನಪು, ಯೋಚನಾಶಕ್ತಿ ಕುಗ್ಗಿದ್ದರಲ್ಲಿ ಗಣನೀಯ ವ್ಯತ್ಯಾಸವಿಲ್ಲ. ಆದರೆ ಮೊದಲೇ ಮರೆವಿನ ಅಪಾಯ ಹೆಚ್ಚಿದ್ದ ಒಂದು ಭಾಗದ ಜನರಲ್ಲಿ ಕುಗ್ಗುವ ವೇಗ 48% ಕಡಿಮೆಯಾಗಿತ್ತು. ಅಂಗಡಿಯವರು 48 ಎನ್ನುವ ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕಬಹುದು. ‘ಏನೂ ಉಪಯೋಗವಿಲ್ಲವಂತೆ’ ಎಂದು ವಾಟ್ಸ್ಯಾಪಿನಲ್ಲಿ ಇನ್ನೊಬ್ಬರು ಹಾಕಬಹುದು. ಇಬ್ಬರೂ ಅರ್ಧ ಓದಿದವರೇ.

ವಿದ್ಯಾರ್ಥಿ ಕೇಳಬೇಕಾದ್ದು: ಯಾರನ್ನು ಪರೀಕ್ಷಿಸಿದರು, ಯಾರ ಜೊತೆ ಹೋಲಿಸಿದರು, ಎಷ್ಟು ಕಾಲ, ನನ್ನ ಮುಂದೆ ಕೂತ ಅಮ್ಮ ಆ ಜನರ ಥರ ಇದ್ದಾರಾ? ಅಮ್ಮನಿಗೆ ಬೇಕಿರುವುದು ಏನು ಎನ್ನುವುದೂ ಅಷ್ಟೇ ಮುಖ್ಯ. ಮೊಮ್ಮಗನ ಜೊತೆ ಫೋನಿನಲ್ಲಿ ಮಾತಾಡಬೇಕು ಎಂದು ಅವರು ಬಂದಿದ್ದರೆ ಮೆಷಿನ್ ಹಾಕಲು ಅದೇ ಸಾಕಷ್ಟು ಕಾರಣ.

20 ಮಕ್ಕಳಿಗಾಗಿ 419 ಮನೆಯ ಕಳವಳ

ಹುಟ್ಟಿದ ಮಕ್ಕಳಿಗೆಲ್ಲ ಕಿವಿ ತಪಾಸಣೆ ಮಾಡಿದರೆ ಅಂಕಿಗಳು ವಿಚಿತ್ರವಾಗಿ ನಡೆದುಕೊಳ್ಳುತ್ತವೆ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. 10,000 ಮಕ್ಕಳಲ್ಲಿ 20 ಮಕ್ಕಳಿಗೆ ನಿಜವಾಗಿ ಕೇಳುವುದಿಲ್ಲ, ಪರೀಕ್ಷೆ ಅಷ್ಟೂ ಮಕ್ಕಳನ್ನು ಹಿಡಿಯುತ್ತದೆ. ಚೆನ್ನಾಗಿ ಕೇಳುವ ನೂರು ಮಕ್ಕಳಲ್ಲಿ ನಾಲ್ವರನ್ನು ಮಾತ್ರ ತಪ್ಪಾಗಿ ನಿಲ್ಲಿಸಿಕೊಳ್ಳುತ್ತದೆ. ಒಳ್ಳೆಯ ಪರೀಕ್ಷೆಯೇ, ಅಲ್ವಾ? ಆದರೆ ಉಳಿದ 9,980 ಮಕ್ಕಳಲ್ಲಿ ನೂರಕ್ಕೆ ನಾಲ್ಕು ಅಂದರೆ ಸುಮಾರು 399. ಒಟ್ಟು 419 ಮಕ್ಕಳನ್ನು ಇನ್ನೊಮ್ಮೆ ಬನ್ನಿ ಎಂದು ಕರೆಯಬೇಕು. ಅವರಲ್ಲಿ ನಿಜವಾದ ತೊಂದರೆ 20 ಮಕ್ಕಳಿಗೆ.

ಈ ಲೆಕ್ಕ ಗೊತ್ತಿದ್ದವರು ಬಾಣಂತಿಗೆ ‘ಮಗು ಫೇಲ್ ಆಯ್ತು’ ಎನ್ನುವುದಿಲ್ಲ. ಅದಕ್ಕೇ ಈ ಕ್ಷೇತ್ರದಲ್ಲಿ ‘ರೆಫರ್’ ಎಂಬ ಪದ ಬಳಸುತ್ತಾರೆ. ಹಾಗಂತ ‘ಏನೂ ಆಗಲ್ಲ ಬಿಡಿ’ ಎಂದರೆ ಆ ಇಪ್ಪತ್ತರಲ್ಲಿ ಕೆಲವರು ವಾಪಸ್ ಬರುವುದೇ ಇಲ್ಲ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆ ಅಥವಾ ಮೆಷಿನ್ ಎಂಬ ಗುರಿ ಬಹಳ ದೇಶಗಳಲ್ಲಿದೆ. ‘ಫೇಲ್’ ಎಂದು ಹೆದರಿಸುವುದು, ‘ಏನೂ ಆಗಲ್ಲ’ ಎಂದು ಹಗುರ ಮಾಡುವುದು, ಈ ಎರಡರ ನಡುವೆ ಯಾವ ಮಾತು ಆಡಬೇಕು ಎನ್ನುವುದೂ ಯೋಚನೆಯ ಪಾಠವೇ.

ಹಾಲು, ಆಲು

ಮಾತಿನ ಪರೀಕ್ಷೆಯಲ್ಲಿ ಪದಗಳನ್ನು ಕೇಳಿಸಿ ‘ಹೇಳಿ’ ಅನ್ನುತ್ತಾರೆ. ಇದಕ್ಕೆ ಕನ್ನಡದ್ದೇ ಪದಪಟ್ಟಿಗಳಿವೆ. ಮಂಡ್ಯ ಕಡೆಯ ಒಬ್ಬ ಅಜ್ಜಿಗೆ ‘ಹಾಲು’ ಕೇಳಿಸಿದರು ಅಂದುಕೊಳ್ಳಿ. ಅಜ್ಜಿ ‘ಆಲು’ ಅಂದರು. ಪರೀಕ್ಷೆ ಮಾಡುತ್ತಿರುವ ವಿದ್ಯಾರ್ಥಿ ಕೇರಳದವನೋ ದೆಹಲಿಯವನೋ ಇರಬಹುದು. ‘ಹ’ ಕೇಳಿಸಿಲ್ಲ ಎಂದು ತಪ್ಪು ಗುರುತು ಹಾಕುತ್ತಾನೆ. ಅಜ್ಜಿಗೆ ‘ಹ’ ಚೆನ್ನಾಗಿಯೇ ಕೇಳಿಸಿದೆ. ಅವರ ಊರಲ್ಲಿ ಹಸು ಕೊಡುವುದು ‘ಆಲೇ’.

ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವವರಿಗೆ ಅಪರಿಚಿತ ಕನ್ನಡ ಪದ ಕೊಟ್ಟರೆ, ತಮಗೆ ಗೊತ್ತಿರುವ ಹತ್ತಿರದ ಪದ ಹೇಳುತ್ತಾರೆ. ಆಗ ಪರೀಕ್ಷೆ ಅಳೆಯುತ್ತಿರುವುದು ಕಿವಿಯನ್ನಲ್ಲ, ಭಾಷೆಯನ್ನು. ಮೆಷಿನ್ನಿಗೆ ಇದು ತಿಳಿಯುವುದಿಲ್ಲ. ಕೂತವರು ಯಾವ ಊರಿನವರು, ಮನೆಯಲ್ಲಿ ಯಾವ ಮಾತು ಎಂದು ಮೊದಲೇ ಕೇಳಿದ್ದರೆ ವಿದ್ಯಾರ್ಥಿಗೆ ತಿಳಿಯುತ್ತದೆ.

ಮತ್ತೆ ಅದೇ ಸದ್ದು

ಮುಂದೆ ಎಂದಾದರೂ ಮನೆಯವರನ್ನು ಪರೀಕ್ಷೆಗೆ ಕರೆದುಕೊಂಡು ಹೋದಾಗ ಒಂದು ವಿಷಯ ಗಮನಿಸಿ. 1000 ಹರ್ಟ್ಸ್ ಸದ್ದಿನಿಂದ ಶುರುಮಾಡುತ್ತಾರೆ. ಒಂದಷ್ಟು ಸ್ವರ ಮುಗಿದಮೇಲೆ ಮತ್ತೆ ಅದೇ 1000 ಹರ್ಟ್ಸ್‌ಗೆ ವಾಪಸ್ ಬರುತ್ತಾರೆ. ಕೈ ಎತ್ತುತ್ತಿರುವವರಿಗೆ ‘ಇದು ಆಗಲೇ ಆಯ್ತಲ್ಲ’ ಅನ್ನಿಸಬಹುದು. ಮೊದಲ ಸಲಕ್ಕೂ ಎರಡನೇ ಸಲಕ್ಕೂ ಐದು ಡೆಸಿಬಲ್ ಆಚೀಚೆ ಆದರೆ ಮುಂದೆ ಹೋಗುತ್ತಾರೆ. ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಹೆಡ್‌ಫೋನ್ ಸರಿಮಾಡಿ, ಸೂಚನೆಯನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿ, ಅಲ್ಲಿಯವರೆಗೆ ಹಾಕಿದ್ದ ಗುರುತುಗಳನ್ನು ಮತ್ತೆ ನೋಡುತ್ತಾರೆ.